ಹೂಂ, ಊಹೂಂ

ಕೋವಿಗೆ ಹೊಸ ನಳಿಗೆ ಕೂರಿಸುವುದೆಂದರೆ ಗುದ್ದಲಿಗೆ ಕಾವು ಹಾಕಿದಂತಲ್ಲ. ತಿರುಪಿ ಬಿಗಿ ಮಾಡಲು ತೋಳಿದ್ದರೆ ಸಾಕು. ಆಮೇಲಿನದ್ದಕ್ಕೆ ಬೆರಳು ಬೇಕು. ತೋಟಾ ಕೂರುವ ಗೂಡನ್ನು ಚೂರುಚೂರೇ ಕೆರೆಯುತ್ತ ಹೋಗಬೇಕು. ಹಿಂದಿನಿಂದ ಬೋಲ್ಟು, ಅಂದರೆ ಕೋವಿಯ ಅಗುಳಿ, ಮುಚ್ಚಿದಾಗ ಅದಕ್ಕೂ ತೋಟಾಕ್ಕೂ ನಡುವೆ ಕೂದಲೆಳೆಯಷ್ಟೇ ಜಾಗ ಉಳಿಯಬೇಕು. ಹೆಚ್ಚಾಯಿತೋ, ತೋಟಾ ಒಡೆದು ಬೆಂಕಿಯೆಲ್ಲ ಕೋವಿ ಹಾರಿಸಿದವನ ಮುಖಕ್ಕೇ ಬರುತ್ತದೆ.

ಇದನ್ನು ಅಳೆಯಲು ಕೋವಿ ಅಂಗಡಿಯ ಮೇಸ್ತ್ರಿಯ ಬಳಿ ತೋಟಾದ ಆಕಾರದ ಎರಡು ಉಕ್ಕಿನ ತುಂಡುಗಳಿದ್ದವು. ಗಿಡ್ಡದ್ದರ ಹೆಸರು ಹೂಂ. ಅದಕ್ಕಿಂತ ಕೂದಲಷ್ಟು ಉದ್ದದ್ದು ಊಹೂಂ. ಹೂಂ ಇಟ್ಟರೆ ಬೋಲ್ಟು ಮುಚ್ಚಬೇಕು, ಊಹೂಂ ಇಟ್ಟರೆ ಮುಚ್ಚಬಾರದು. ಮಗಳು ಚಿಕ್ಕವಳಿದ್ದಾಗ ಅವಳನ್ನು ನಗಿಸಲು ಇಟ್ಟ ಹೆಸರುಗಳು ಅವು. ಈಗ ಅವಳೂ ಅಂಗಡಿಯ ಕೆಲಸಗಾರ್ತಿ. ಕಡೆಗೆ ಬೋಲ್ಟು ಯಾವುದಕ್ಕೆ ಮುಚ್ಚಿತೋ ಆ ತುಂಡಿನ ಹೆಸರು ಹೇಳುವುದು ಅವಳ ರೂಢಿ.

ಆ ಬೋಲ್ಟನ್ನು ಎರಡೇ ಬೆರಳಲ್ಲಿ, ಮಲಗಿದ ಮಗುವಿನ ಕೆನ್ನೆ ಮುಟ್ಟಿದಷ್ಟು ಹಗುರವಾಗಿ ತಳ್ಳಬೇಕು. ಒತ್ತಿದರೆ ಮುಚ್ಚಬಾರದ್ದೂ ಮುಚ್ಚಿಕೊಳ್ಳುತ್ತದೆ. ಕಷ್ಟವಿದ್ದದ್ದು ಇಲ್ಲೇ. ಕೆಲವು ತಿಂಗಳಿಂದ ಮೇಸ್ತ್ರಿಯ ಬೆರಳ ತುದಿಗಳು ಮರಗಟ್ಟಿದ್ದವು. ಊರೆಲ್ಲ ಹೊಗಳುವ ಕೈಯೇ ಅವನಿಗೆ ಕೈಕೊಟ್ಟಿತ್ತು. ಹೇಳಿಕೊಳ್ಳುವುದಕ್ಕಿಂತ ಸಾಯುವುದೇ ಮೇಲು ಅನ್ನುವ ಜಾತಿಯ ಮನುಷ್ಯ. ಯಾರಿಗೂ ಹೇಳಲಿಲ್ಲ.

ಅಂದು ಬೆಂಚಿನ ಮೇಲಿದ್ದದ್ದು ಅಳಿಯನದೇ ಕೋವಿ. ಅಳಿಯ ಕಾಡಿನ ಕಾವಲುಗಾರ. ಮೇಸ್ತ್ರಿ ಗೂಡು ಕೆರೆದ, ಹೂಂ ಇಟ್ಟ, ಬೋಲ್ಟು ಮುಚ್ಚಿತು. ಊಹೂಂ ಇಟ್ಟ. ಅದೂ ಮುಚ್ಚಿತು! ಕೆರೆದದ್ದು ಹೆಚ್ಚಾಯಿತೋ, ತಾನು ಒತ್ತಿದ್ದು ಹೆಚ್ಚಾಯಿತೋ? ಬೆರಳುಗಳನ್ನು ಕೇಳಿದರೆ ಕಲ್ಲನ್ನು ಕೇಳಿದ ಹಾಗೆ.

“ಕೈಯೆಲ್ಲ ಎಣ್ಣೆ ಕಣೇ, ನೀನೇ ಒಂದ್ಸಲ ನೋಡು” ಎಂದು ಮಗಳಿಗೆ ಹೇಳಿ ಹಿಂದಿನ ನಲ್ಲಿಗೆ ಹೋದ. ಎಣ್ಣೆಯೇನೂ ಇರಲಿಲ್ಲ.

ನಲ್ಲಿಯ ಹತ್ತಿರದಿಂದಲೇ ಕೂಗಿದ: “ಮುಚ್ಚಿತೇನೇ?”

“ಊಹೂಂ, ಅಪ್ಪಾ!”

ಮೇಸ್ತ್ರಿಯ ಎದೆಯ ಮೇಲಿನ ಕಲ್ಲು ಇಳಿಯಿತು. ಮುಚ್ಚಲಿಲ್ಲ, ಹಾಗಾದರೆ ಕೆಲಸ ಸರಿಯಾಗಿದೆ, ತಪ್ಪಿದ್ದು ಕೈ ಮಾತ್ರ. ಮಗಳು ಹೇಳಿದ್ದು ತುಂಡಿನ ಹೆಸರೆಂದು ಅವನಿಗೆ ಹೊಳೆಯಲಿಲ್ಲ. ಊಹೂಂಗೂ ಮುಚ್ಚುತ್ತಿದೆ, ಅಪ್ಪ ನಳಿಗೆ ಬಿಚ್ಚಿ ಸರಿಮಾಡುತ್ತಾನೆ ಎಂದುಕೊಂಡು ಅವಳು ಮಗುವನ್ನು ಕರೆತರಲು ಶಾಲೆಗೆ ನಡೆದಳು.

ಅಳಿಯ ಬಂದ. ಇಬ್ಬರೂ ಹಿಂದಿನ ಬಯಲಿಗೆ ಹೋದರು.

“ಮೊದಲನೇ ತೋಟಾನ, ಕೋವಿ ಕಟ್ಟಿಹಾಕಿ, ದೂರ ನಿಂತು ಹಗ್ಗ ಎಳೆದು ಹಾರಿಸೋಣ” ಎಂದ ಮೇಸ್ತ್ರಿ.

“ನಿಮ್ಮ ಕೈಕೆಲಸಕ್ಕೆ ಹಗ್ಗ ಯಾಕೆ ಮಾವಾ? ಯಾರಾದ್ರೂ ನೋಡಿದ್ರೆ ನಗ್ತಾರೆ!”

ಆ ಮಾತು ಮೇಸ್ತ್ರಿಗೆ ಹಿತವಾಯಿತು. ಹಾಳು ಹೊಗಳಿಕೆ, ಯಾರನ್ನು ಬಿಟ್ಟಿದೆ! ಅವನು ಹಗ್ಗವನ್ನು ಕೆಳಗಿಟ್ಟ. ಅಳಿಯ ಕೋವಿಯನ್ನು ಭುಜಕ್ಕೇರಿಸಿದ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಡಾಕ್ಟರು ಹೊರಬಂದು, ಒಂದು ಕಣ್ಣು ಹೋಯಿತು, ಇನ್ನೊಂದರ ಬಗ್ಗೆ ಈಗಲೇ ಹೇಳಲಾಗುವುದಿಲ್ಲ ಎಂದರು. ಮಗಳು ನೆಲದ ಮೇಲೆ ಕುಸಿದು ಕೂತಳು. “ನಾನು ಊಹೂಂ ಅಂದೆ. ಊಹೂಂಗೆ ಮುಚ್ತು ಅಂತ ಬಾಯಿ ತುಂಬ ಹೇಳೋಕೆ ನಂಗೇನಾಗಿತ್ತು?” ಎಂದು ಅದನ್ನೇ ಮತ್ತೆಮತ್ತೆ ಹೇಳಿದಳು. ಮೇಸ್ತ್ರಿಗೆ ಆಗ ಎಲ್ಲ ಅರ್ಥವಾಯಿತು.

ಅಲ್ಲೇ ಇದ್ದ ಅವಳ ಅತ್ತೆಗೂ ಅರ್ಥವಾಯಿತು. “ಗಂಡನ ಕಣ್ಣು ತಿಂದ್ಯಲ್ಲೇ! ಹೆಂಗಸಿಗೆ ಯಾಕೆ ಬೇಕಿತ್ತು ಕೋವಿ ಕೆಲಸ? ಇನ್ನು ನನ್ನ ಹೊಸಲು ತುಳಿಬೇಡ. ಮಗು ನಮ್ಮ ಹತ್ರ ಇರತ್ತೆ.”

ಮಗಳು, ಆ ಶಿಕ್ಷೆ ತನಗೆ ತಕ್ಕದ್ದೇ ಎಂಬಂತೆ ತಲೆಯಾಡಿಸಿದಳು. ಅದನ್ನು ಕಂಡು ಮೇಸ್ತ್ರಿಯ ಕರುಳು ಕಿತ್ತು ಬಂತು. ಮಾನ ಹೋದರೆ ಹೋಗಲಿ, ಮಗಳು ಉಳಿಯಲಿ ಎಂದು ಎದ್ದು ನಿಂತ.

“ಅವಳದ್ದೇನೂ ತಪ್ಪಿಲ್ಲ, ತಾಯಿ. ತಪ್ಪು ನಂದು. ನನ್ನ ಬೆರಳಿಗೆ ಸ್ಪರ್ಶ ಇಲ್ಲ, ತಿಂಗಳುಗಳಾಯ್ತು. ಎಷ್ಟು ಕೆರೆದೆ ಅಂತಾನೇ ಗೊತ್ತಾಗಲಿಲ್ಲ. ಅದನ್ನ ಮುಚ್ಚಿಡೋಕೆ ಅವಳ ಕೈಲಿ ನೋಡಿಸಿದೆ.”

ಬೀಗಿತ್ತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟಿನ ಜಾಗದಲ್ಲಿ ಕನಿಕರ ಬಂದಿತ್ತು.

“ಹೆತ್ತ ಕರುಳು ಬೀಗರೇ, ಏನು ಬೇಕಾದ್ರೂ ಹೇಳಿಸತ್ತೆ. ನಿಮ್ಮ ಕೈ ಎಂಥದ್ದು ಅಂತ ಊರಿಗೇ ಗೊತ್ತು. ಇಂಥ ಸುಳ್ಳನ್ನ ಯಾರು ನಂಬ್ತಾರೆ?”

ಮೇಸ್ತ್ರಿ ಮಗಳ ಕಡೆ ತಿರುಗಿದ. ಅವಳಾದರೂ ನಂಬಬೇಕಿತ್ತು, ದಿನವೂ ಪಕ್ಕದಲ್ಲೇ ನಿಂತು ಕೆಲಸ ಮಾಡಿದವಳು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಅವನ ಸತ್ತ ಬೆರಳುಗಳನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

“ಸಾಕು ಬಿಡಪ್ಪಾ” ಎಂದಳು. “ನನಗೋಸ್ಕರ ನಿನ್ನ ಹೆಸರು ಕೆಡಿಸ್ಕೋಬೇಡ.”