ಗಂಟಿನೊಳಗಿನ ಪಿಸ್ತೂಲು

ಒಂದು ಕೋಣೆಗೆ ಹನ್ನೆರಡು ನಿಮಿಷ. ಅಷ್ಟರಲ್ಲಿ ಹಾಸಿಗೆ ಬದಲಾಗಬೇಕು, ಬಚ್ಚಲು ಒಣಗಬೇಕು, ದೊಡ್ಡ ಮನುಷ್ಯರು ನೆಲಕ್ಕೆ ಉದುರಿಸಿದ್ದೆಲ್ಲ ಮಾಯವಾಗಬೇಕು. ಆ ಹೋಟೆಲಿನ ಐದನೇ ಮಹಡಿಯಲ್ಲಿ ಗಂಟಕ್ಕ ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದಳು. ಹಾಸಿಗೆಯ ಮುಂದೆ ನಿಂತು, ಹೊದಿಕೆ, ದಿಂಬಿನ ಚೀಲ ಎಲ್ಲವನ್ನೂ ನಡುವೆ ಸೇರಿಸಿ, ಹಾಸಿನ ನಾಲ್ಕು ಮೂಲೆ ಹಿಡಿದು ಒಂದೇ ಎಳೆತಕ್ಕೆ ಗಂಟು ಕಟ್ಟಿಬಿಡುತ್ತಿದ್ದಳು. ಗಂಟನ್ನು ಮೊಣಕಾಲಿನಿಂದ ನೂಕಿಕೊಂಡು ಹೋಗಿ ಕಾರಿಡಾರಿನ ಗೋಡೆಯಲ್ಲಿದ್ದ ಕೊಳವೆಯ ಬಾಯಿಗೆ ತಳ್ಳಿದರೆ, ಅದು ಐದು ಮಹಡಿ ಜಾರಿ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ದೊಪ್ಪೆಂದು ಬೀಳುತ್ತಿತ್ತು. ಹಾಸನ್ನು ಬಿಡಿಸಿ, ಕೊಡವಿ, ಒಳಗೇನಿದೆ ಎಂದು ನೋಡುತ್ತ ನಿಂತರೆ ಹನ್ನೆರಡು ನಿಮಿಷ ಇಪ್ಪತ್ತಾಗುತ್ತದೆ. ಇಪ್ಪತ್ತಾದರೆ ಮ್ಯಾನೇಜರ್ ಮಾತಾಡುವುದಿಲ್ಲ, ಕೈಗಡಿಯಾರ ತೋರಿಸುತ್ತಾನೆ. ಹೊಸಬರಿಗೆಲ್ಲ ಈ ಗಂಟಿನ ವಿದ್ಯೆ ಕಲಿಸಿದ್ದು ಅವಳೇ. ಅದಕ್ಕೇ ಆ ಹೆಸರು.

ಕೆಳಗೆ ಆ ಗಂಟುಗಳನ್ನು ಬಿಚ್ಚುತ್ತಿದ್ದವಳು ಅವಳ ಒಡಹುಟ್ಟಿದ ತಂಗಿ.

ಐದನೇ ಮಹಡಿಯ ಮೂಲೆಯ ಕೋಣೆಗೆ ತಿಂಗಳಿಗೊಮ್ಮೆ ಒಬ್ಬ ಗುತ್ತಿಗೆದಾರ ಬರುತ್ತಿದ್ದ. ಕೆಲಸದವರು ಅವನಿಗೆ ಸೇತುವೆ ಸಾಹುಕಾರ ಎಂದು ಹೆಸರಿಟ್ಟಿದ್ದರು. ಅವನು ಕಟ್ಟಿಸಿದ ಸೇತುವೆಗಳಿಗಿಂತ ಅವನ ಮೀಸೆಯೇ ಗಟ್ಟಿ ಎಂಬುದು ಅಡುಗೆಮನೆಯ ತಮಾಷೆ. ತನಗೆ ಶತ್ರುಗಳು ಜಾಸ್ತಿ ಎಂದು ಕಾಫಿ ತಂದವನಿಗೂ ಹೇಳುತ್ತಿದ್ದ. ಅವನನ್ನು ಕೊಲ್ಲುವಷ್ಟು ಪುರುಸೊತ್ತು ಯಾರಿಗಿತ್ತೋ ದೇವರೇ ಬಲ್ಲ. ಆದರೂ ದಿಂಬಿನ ಕೆಳಗೆ ಗುಂಡು ತುಂಬಿದ ಪಿಸ್ತೂಲು ಇಟ್ಟುಕೊಳ್ಳದೆ ಈ ಶೂರನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಬೆಳಗ್ಗೆ ಅವನು ಹಾಸಿಗೆಯ ಮೇಲೆ ಕಾಫಿ ಚೆಲ್ಲಿದ. 'ಬದಲಾಯ್ಸಿ' ಎಂದು ಫೋನ್ ಮಾಡಿ ಹೇಳಿ ತಿಂಡಿಗೆ ಇಳಿದುಹೋದ. ಪಿಸ್ತೂಲನ್ನು ಮರೆತು ಹೋದ. ಗಂಟಕ್ಕ ಬಂದಳು, ಎಳೆದಳು, ಕಟ್ಟಿದಳು, ತಳ್ಳಿದಳು. ಕೆಳಗಿಂದ ಢಂ ಎಂದು ಸದ್ದಾಯಿತು. ಒಗೆಯುವ ಯಂತ್ರ ಒಡೆಯಿತೇನೋ ಎಂದುಕೊಂಡಳು. ಆಮೇಲೆ ಕೊಳವೆಯೊಳಗಿಂದ ತಂಗಿಯ ಕೂಗು ಮೇಲೆ ಬಂತು.

ಗಂಟು ಬಿದ್ದ ಹೊಡೆತಕ್ಕೆ ಹಾರಿದ ಗುಂಡು ತಂಗಿಯ ಬಲ ಮೊಣಕೈಯನ್ನು ಪುಡಿ ಮಾಡಿತ್ತು. ಅವಳನ್ನು ಒದ್ದೆ ಹಾಸಿನಲ್ಲಿ ಸುತ್ತಿ ಎತ್ತಿಕೊಂಡು ಹೊರಟಾಗ ಸಾಹುಕಾರ ಬಾಯಿ ಒರೆಸಿಕೊಳ್ಳುತ್ತ ಬಂದ.

"ನನ್ನ ಪಿಸ್ತೂಲಿಗೆ ಏನೂ ಆಗಿಲ್ಲ ತಾನೇ? ಬೆಲೆಬಾಳೋ ಮಾಲು ಕಣ್ರೀ ಅದು," ಎಂದ.

ಕೈ ಉಳಿಯಿತು. ಬೆರಳು ಮಡಚುವುದು ಉಳಿಯಲಿಲ್ಲ.

ಗಂಟಕ್ಕ ಪೊಲೀಸ್ ಠಾಣೆಗೆ ಹೋದಳು. ಇನ್ಸ್‌ಪೆಕ್ಟರ್ ಸಭ್ಯಸ್ಥ, ಕುರ್ಚಿ ಕೊಟ್ಟ.

"ಅವರ ಹತ್ರ ಲೈಸೆನ್ಸ್ ಇದೆಯಮ್ಮ. ಎಲ್ಲಿ ಇಡ್ಬೇಕು ಅಂತ ಕಾನೂನಲ್ಲಿ ಬರ್ದಿಲ್ಲ."

"ದಿಂಬಿನ ಕೆಳಗೆ ಇಡ್ಬಹುದಾ?"

"ದಿಂಬಿನ ಕೆಳಗೂ ಇಡ್ಬಹುದು, ಅಕ್ಕಿ ಡಬ್ಬದಲ್ಲೂ ಇಡ್ಬಹುದು."

"ಕಚ್ಚೋ ನಾಯಿ ಇದ್ರೆ?"

"ಅದನ್ನ ಕಟ್ಟಿಹಾಕ್ಬೇಕು. ಅದಕ್ಕೆ ಕಾನೂನಿದೆ."

ಹೇಳಿದ ಮೇಲೆ ಅವನಿಗೂ ಏನೋ ಕಸಿವಿಸಿಯಾಗಿರಬೇಕು, ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದ. ಪಿಸ್ತೂಲನ್ನು ಮೂರನೇ ದಿನವೇ ಬಟ್ಟೆಯಿಂದ ಒರೆಸಿ ಸಾಹುಕಾರನಿಗೆ ವಾಪಸು ಕೊಟ್ಟಿದ್ದರು. ತಂಗಿ ಇನ್ನೂ ಆಸ್ಪತ್ರೆಯಲ್ಲಿದ್ದಳು.

ಆ ಹೊತ್ತಿಗೆ ಹೊಸ ಕಾನೂನಿನ ಮಾತು ನಡೆದಿತ್ತು. ಮೈಮೇಲೆ ಇಲ್ಲದಾಗ ಬಂದೂಕನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು, ಗುಂಡುಗಳನ್ನು ಬೇರೆ ಇಡಬೇಕು, ತಪ್ಪಿದರೆ ಶಿಕ್ಷೆ. ಇಷ್ಟೇ. ಇಷ್ಟನ್ನು ಅರ್ಥ ಮಾಡಿಕೊಳ್ಳಲು ಐದು ಜನ ಜನಪ್ರತಿನಿಧಿಗಳ ಸಮಿತಿ ಊರೂರು ತಿರುಗುತ್ತಿತ್ತು. ಈ ಊರಿನ ಸಭೆ ಇದೇ ಹೋಟೆಲಿನ ಸಭಾಂಗಣದಲ್ಲಿ. ಸಮಿತಿಯವರ ವಾಸ್ತವ್ಯ ಐದನೇ ಮಹಡಿಯಲ್ಲಿ.

ಮ್ಯಾನೇಜರ್ ಗಂಟಕ್ಕನನ್ನು ಕರೆಸಿ ಒಂದು ಕಾಗದ ಕೊಟ್ಟ.

"ಸಭೇಲಿ ಇದನ್ನ ಓದು. ಅಷ್ಟೇ ಕೆಲಸ."

ಅದರಲ್ಲಿ ಬರೆದಿತ್ತು: 'ಹಾಸನ್ನು ಪರೀಕ್ಷಿಸದೆ ಎಸೆದದ್ದು ನನ್ನ ಅಜಾಗರೂಕತೆ. ತಪ್ಪು ಮನುಷ್ಯರದು, ಬಂದೂಕಿನದಲ್ಲ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ.'

"ಓದಿದ್ರೆ ನಿನ್ನ ತಂಗಿಗೆ ಫೋನ್ ಎತ್ತೋ ಕೆಲಸ ಕೊಡ್ತೀನಿ. ಕೂತು ಮಾಡೋದು, ಒಂದೇ ಕೈ ಸಾಕು. ಓದ್ಲಿಲ್ಲ ಅಂದ್ರೆ ಇಬ್ರಿಗೂ ಇಲ್ಲಿ ಜಾಗ ಇಲ್ಲ."

ಗಂಟಕ್ಕ ಕಾಗದವನ್ನು ಮನೆಗೆ ತಂದಳು. ತಂಗಿ ಎಡಗೈಯಲ್ಲಿ ರವಿಕೆಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದಳು. ಅಕ್ಕ ಹತ್ತಿರ ಹೋದರೆ ಭುಜದಿಂದ ದೂರ ತಳ್ಳಿದಳು.

"ಬಿಡೇ, ಕಲೀಬೇಕು. ಏನದು ಕಾಗದ?"

ಗಂಟಕ್ಕ ಓದಿ ಹೇಳಿದಳು. "ತಪ್ಪು ನಂದೇ ಅಲ್ವೇನೇ? ಒಂದ್ಸಲ ಕೊಡವಿದ್ದಿದ್ರೆ..."

ತಂಗಿಗೆ ಸಿಟ್ಟು ನೆತ್ತಿಗೇರಿತು. "ನೀನು ಎಸೆದ ಗಂಟು ನಾನೆಷ್ಟು ಬಿಚ್ಚಿದೀನಿ? ಕನ್ನಡಕ ಬಂದಿದೆ. ಮೊಬೈಲ್ ಬಂದಿದೆ. ಒಂದ್ಸಲ ಯಾವನದೋ ಹಲ್ಲಿನ ಸೆಟ್ಟೇ ಬಂದಿತ್ತು, ಒಂದು ವಾರ ನಕ್ಕಿದ್ವಿ. ಯಾವುದಾದ್ರೂ ನನ್ನ ಕೈ ಮುರೀತಾ? ಹಲ್ಲಿನ ಸೆಟ್ಟು ಕಚ್ತಾ?"

ಗಂಟಕ್ಕ ಕಾಗದ ಮಡಚಿದಳು.

"ಫೋನ್ ಕೆಲಸಾನೇ ಬೇಕು ನಂಗೆ, ಇಲ್ಲ ಅನ್ನಲ್ಲ. ಆದ್ರೆ ನೀನು ಓದಿದ್ರೆ, ನನ್ನ ಜಾಗಕ್ಕೆ ಬಂದಿದಾಳಲ್ಲ, ಆ ಬಸುರಿ ಹುಡುಗಿ, ಅವಳ ಮೇಲೆ ಏನು ಬೀಳುತ್ತೋ ಹೇಳು."

ಸಭೆಯ ದಿನ ಮೊದಲು ಮಾತಾಡಿದವನು ಸೇತುವೆ ಸಾಹುಕಾರ. ಸ್ವಾತಂತ್ರ್ಯ ಎಂದ, ಪೂರ್ವಜರ ಪೌರುಷ ಎಂದ, ಬಂದೂಕಿಗೆ ಬೀಗ ಹಾಕುವುದೆಂದರೆ ಗಂಡಸಿಗೆ ಬಳೆ ತೊಡಿಸಿದಂತೆ ಎಂದ. ಸಮಿತಿಯ ಅಧ್ಯಕ್ಷ ದೇವರ ಪ್ರವಚನ ಕೇಳುವವನಂತೆ ತಲೆದೂಗಿದ. ಇಪ್ಪತ್ತು ನಿಮಿಷವಾದರೂ ಯಾರೂ ಗಡಿಯಾರ ತೋರಿಸಲಿಲ್ಲ.

ಗಂಟಕ್ಕನಿಗೆ ಸಿಕ್ಕಿದ್ದು ಮೂರು ನಿಮಿಷ. ಹಿಂದಿನ ಸಾಲಿನಲ್ಲಿ ಮ್ಯಾನೇಜರ್ ಕೂತಿದ್ದ. ಬಾಗಿಲ ಬಳಿ ಮಹಡಿಯ ಹೆಂಗಸರು, ಒಗೆಯುವ ಕೋಣೆಯ ಹೆಂಗಸರು ಏಪ್ರನ್ನಿನಲ್ಲೇ ಬಂದು ನಿಂತಿದ್ದರು. ಅವಳು ಕಾಗದ ಬಿಡಿಸಿದಳು, ನೋಡಿದಳು, ಮೈಕಿನ ಪಕ್ಕಕ್ಕಿಟ್ಟಳು.

"ಇದು ಮ್ಯಾನೇಜರ್ ಸಾಹೇಬ್ರು ಬರ್ದಿದ್ದು. ಅಕ್ಷರ ಚೆನ್ನಾಗಿದೆ. ಅವರೇ ಓದ್ಲಿ.

"ಈ ಸಾಹುಕಾರ್ರು ತಮ್ಮ ಕೈಗಡಿಯಾರನ ಕೋಣೆಯ ಕಪಾಟಲ್ಲಿಟ್ಟು ಬೀಗ ಹಾಕ್ತಾರೆ. ನಾನೇ ನೋಡಿದೀನಿ. ಚಿನ್ನದ ಬಳೆಯಂಥ ಗಡಿಯಾರ. ಅದಕ್ಕೆ ಬೀಗ ಹಾಕಿದ್ರೆ ಗಂಡಸುತನ ಹೋಗಲ್ಲ, ಪಿಸ್ತೂಲಿಗೆ ಹಾಕಿದ್ರೆ ಹೋಗುತ್ತೆ. ಎಂಥ ಗಂಡಸುತನ ಸ್ವಾಮಿ ಅದು, ಬೀಗ ಕಂಡ್ರೆ ಓಡಿಹೋಗೋದು?"

ಬಾಗಿಲ ಬಳಿ ಯಾರೋ ಕಿಸಕ್ಕೆಂದರು.

"ನಾನು ಗಂಟು ಎಸೆದೆ. ಹೌದು. ನನ್ನ ತಂಗಿ ಮುಖ ನೋಡ್ದಾಗೆಲ್ಲ ಕರುಳು ಕಿತ್ತು ಬರುತ್ತೆ. ಆದ್ರೆ ಹಾಸಿಗೆಯಲ್ಲಿ ಸಾವು ಬಿಟ್ಟು ಹೋದವರು ತಿಂಡಿ ತಿಂತಿದ್ರು. ಅವರಿಗೆ ಒಂದು ನೋಟೀಸೂ ಇಲ್ಲ. ಬೀಗ ಹಾಕಿ ಅಂತ ಬರೀರಿ. ಹಾಕ್ದಿದ್ರೆ ಜೈಲು ಅಂತಾನೂ ಬರೀರಿ. ಬರೀದೆ ಇದ್ರೆ ಇಂಥವರು ಹಾಕಲ್ಲ."

"ಸಮಯ ಆಯ್ತಮ್ಮ," ಎಂದ ಅಧ್ಯಕ್ಷ. ಆಮೇಲೆ ಗಂಟಲು ಸರಿಪಡಿಸಿಕೊಂಡು, ವಿಷಯ ಗಂಭೀರವಾದ್ದರಿಂದ ಇನ್ನಷ್ಟು ಅಧ್ಯಯನ ಬೇಕು, ಮಸೂದೆಯನ್ನು ಮುಂದೂಡಲಾಗಿದೆ ಎಂದು ಓದಿದ. ಅದು ಬೆಳಗ್ಗೆಯೇ ಟೈಪಾಗಿದ್ದ ಹಾಳೆ. ಸಾಹುಕಾರ ಅವನ ಕೈಕುಲುಕಿದ. ಎಲ್ಲರೂ ಊಟಕ್ಕೆ ಹೋದರು.

ಐದನೇ ಮಹಡಿಯ ಕಾರಿಡಾರಿನಲ್ಲಿ ಮ್ಯಾನೇಜರ್ ಗಂಟಕ್ಕನಿಂದ ಕೋಣೆಗಳ ಕೀಲಿ ಕಿತ್ತುಕೊಂಡ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಅವನು ಪಕ್ಕದಲ್ಲಿದ್ದ ಹೆಂಗಸಿನ ಕೈಗೆ ಕೀಲಿ ತುರುಕಿ, "ಇನ್ಮೇಲೆ ಐದನೇ ಮಹಡಿ ನಿಂದು," ಎಂದ.

ಆ ಹೆಂಗಸು ಕೀಲಿಯನ್ನು ನೆಲದ ಮೇಲಿಟ್ಟಳು. "ಕೋಣೇಲಿ ಬಂದೂಕು ಇದ್ರೆ ನಾನು ಒಳಗೆ ಹೋಗಲ್ಲ ಸರ್." ಇನ್ನೊಬ್ಬಳನ್ನು ಕರೆದ. ಅವಳದೂ ಅದೇ ಮಾತು. ಮೂರನೆಯವಳು ಹೋಗಿ ಗಂಟಕ್ಕನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಕೆಳಗಿನಿಂದ ಬಸುರಿ ಹುಡುಗಿಯೂ ಉಸಿರು ಬಿಡುತ್ತ ಹತ್ತಿ ಬಂದಳು. ಮ್ಯಾನೇಜರ್ ಗಡಿಯಾರ ತೋರಿಸಿದ. ಒಬ್ಬರೂ ಏಳಲಿಲ್ಲ.

ಮೂರು ಗಂಟೆಗೆ ಅಧ್ಯಕ್ಷ ಕೋಣೆಯಿಂದ ಹೊರಗೆ ತಲೆ ಹಾಕಿದ. ಮಧ್ಯಾಹ್ನದ ನಿದ್ದೆಗೆ ಹಾಸಿಗೆ ಸಿದ್ಧವಿರಲಿಲ್ಲ.

"ಏನಿದು? ನನ್ನ ಹಾಸಿಗೆ ಯಾಕೆ ಹಾಗೇ ಬಿದ್ದಿದೆ?"

ಗಂಟಕ್ಕ ಕೂತಲ್ಲಿಂದಲೇ ಕೇಳಿದಳು: "ಒಳಗೆ ಬಂದೂಕಿದೆಯಾ ಸ್ವಾಮಿ? ಎಲ್ಲಿಟ್ಟಿದೀರಿ?"

"ಅದು ನನ್ನ ಖಾಸಗಿ ವಿಷಯ!"

"ಹಾಗಾದ್ರೆ ಹಾಸಿಗೇನೂ ನಿಮ್ಮ ಖಾಸಗಿ ವಿಷಯ. ನೀವೇ ಹಾಸ್ಕೊಳ್ಳಿ."