ಎಫ್ ಹನ್ನೆರಡು ಒತ್ತಿದ ಅತ್ತೆ

ಅತ್ತೆ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ಇಪ್ಪತ್ತು ವರ್ಷ ಅವರು ಬಸ್ ಕಚೇರಿಯಲ್ಲಿ ಕೂತು, ನಿಲ್ದಾಣದ ಬೋರ್ಡುಗಳಲ್ಲಿ ‘ಮುಂದಿನ ಬಸ್ ಇಷ್ಟು ನಿಮಿಷಕ್ಕೆ’ ಎಂದು ತೋರಿಸುವ ಪ್ರೋಗ್ರಾಮನ್ನು ಒಬ್ಬರೇ ಬರೆದು, ಒಬ್ಬರೇ ಸಾಕಿದ್ದರು. ಹದಿನೆಂಟು ಸಾವಿರ ಸಾಲು, ಒಂದೇ ಫೈಲು. ಯಾವುದು ಎಲ್ಲಿದೆ ಎಂದು ಕೇಳಿದರೆ ಸಾಲಿನ ನಂಬರು ಬಾಯಲ್ಲೇ ಇರುತ್ತಿತ್ತು. ಈಗ ಅದೇ ಕುರ್ಚಿಯಲ್ಲಿ ಸೊಸೆ. ಪರೀಕ್ಷೆ ಬರೆದು ಗೆದ್ದು ಬಂದವಳು. ಅತ್ತೆ ಶಿಫಾರಸು ಮಾಡುವ ಪೈಕಿಯಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಇವರ ವಿಷಯದಲ್ಲಿ ಅದು ಕಚೇರಿಯ ಹಾಜರಿ ಪುಸ್ತಕದಲ್ಲೇ ದಾಖಲಾಗಿತ್ತು.

ಸೊಸೆಯ ಮೂರು ತಿಂಗಳ ಪರೀಕ್ಷಾವಧಿ ಇವತ್ತಿಗೆ ಮುಗಿಯುತ್ತಿತ್ತು. ಆ ಮೂರು ತಿಂಗಳಲ್ಲಿ ಅವಳು ಹಳೇ ಫೈಲನ್ನು ಒಡೆದು, ವಿಷಯಕ್ಕೊಂದರಂತೆ ನಲವತ್ತು ಫೈಲು ಮಾಡಿದ್ದಳು. ನಿನ್ನೆ ಬೆಳಿಗ್ಗೆ ಅದನ್ನು ಚಾಲೂ ಮಾಡಿದ್ದೇ ತಡ, ಏಳನೇ ನಂಬರ್ ಬಸ್ಸಿಗೆ ಬೋರ್ಡು ಒಂಬತ್ತು ನಿಮಿಷ ಹೆಚ್ಚು ತೋರಿಸತೊಡಗಿತು. ಇನ್ನೂ ಹೊತ್ತಿದೆ ಎಂದು ಜನ ಆರಾಮಾಗಿ ನಡೆದು ಬಂದರೆ ಬಸ್ಸು ಬೆನ್ನು ತೋರಿಸಿ ಹೋಗಿರುತ್ತಿತ್ತು. ಮ್ಯಾನೇಜರಿಗೆ ಫೋನಿನ ಮೇಲೆ ಫೋನು, ಬೈಗುಳದ ಮೇಲೆ ಬೈಗುಳ. ಇವತ್ತು ಮಧ್ಯಾಹ್ನ ಮೂರು ಗಂಟೆಯೊಳಗೆ ಸರಿಹೋಗದಿದ್ದರೆ ಹಳೇ ಫೈಲನ್ನೇ ವಾಪಸ್ ಹಾಕುವುದು, ಸೊಸೆಗೆ ಬೇರೆ ಕಡೆ ಕೆಲಸ ನೋಡಿಕೊಳ್ಳಿ ಎನ್ನುವುದು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಕೊನೆಯ ಪ್ರಯತ್ನವೆಂದು ಅತ್ತೆಯನ್ನು ಕರೆಸಿದರು.

ಅತ್ತೆ ಒಳಗೊಳಗೇ ಒಂದಿಷ್ಟು ಖುಷಿಯಾಗಿಯೇ ಬಂದರು, ಸುಳ್ಳೇಕೆ ಹೇಳಬೇಕು. ಹಳೇ ಫೈಲು ವಾಪಸ್ ಬಂದರೆ ಅವರ ಇಪ್ಪತ್ತು ವರ್ಷಕ್ಕೆ ಮತ್ತೆ ಬೆಲೆ ಬಂದ ಹಾಗೆ. ಆದರೆ ಅದರ ಜೊತೆಗೇ ಸೊಸೆಯ ಕೆಲಸ ಹೋಗುತ್ತದೆ ಎಂದು ನೆನಪಾದಾಗಲೆಲ್ಲ ಆ ಖುಷಿ ಕಹಿಯಾಗುತ್ತಿತ್ತು.

ಬಂದವರೇ ಎರಡು ಸಾವಿರದ ನಾನೂರ ಹದಿನಾರನೇ ಸಾಲು ತೆಗಿ ಎಂದರು. ಈಗ ಯಾವ ಫೈಲಿನಲ್ಲೂ ಅಷ್ಟು ಸಾಲಿಲ್ಲ ಎಂದಳು ಸೊಸೆ ಮೆಲ್ಲಗೆ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಯಾರೋ ಅದಲುಬದಲು ಮಾಡಿಟ್ಟ ಹಾಗಾಯಿತು ಅತ್ತೆಗೆ. ಹೀಗೆ ಚೂರುಚೂರು ಮಾಡಿಟ್ಟರೆ ದೇವರಿಗೂ ಹುಡುಕಲಾಗದು ಎಂದು ಗೊಣಗಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ಸೊಸೆಯ ನಾಲಿಗೆ ತುದಿಗೆ ಬಂದಿತ್ತೋ ಏನೋ, ಪುಣ್ಯಾತ್ಗಿತ್ತಿ ನುಂಗಿಕೊಂಡಳು.

“ಹುಡುಕೋದೇ ಬೇಡ ಅತ್ತೆ. ಫಂಕ್ಷನ್ನಿನ ಹೆಸರಿನ ಮೇಲೆ ಕರ್ಸರ್ ಇಟ್ಟು ಎಫ್ ಹನ್ನೆರಡು ಒತ್ತಿ. ಅದನ್ನ ಎಲ್ಲಿ ಬರೆದಿದೆಯೋ ಅಲ್ಲಿಗೇ ಕರ್ಕೊಂಡು ಹೋಗುತ್ತೆ.”

ಅತ್ತೆ ನಂಬದೆಯೇ ಒತ್ತಿದರು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬೇರೆ ಫೈಲಿನಲ್ಲಿ, ಒಂದು ಲೆಕ್ಕಕ್ಕೆಂದು ಹೆಸರಿಟ್ಟು ಬರೆದ ಆ ತುಂಡಿನ, ಅಂದರೆ ಫಂಕ್ಷನ್ನಿನ, ಮೊದಲ ಸಾಲಿನ ಎದುರಿಗೇ ಇದ್ದರು. ತಾವೇ ಬರೆದದ್ದು, ಒಂದಕ್ಷರ ಆಚೀಚೆಯಾಗಿರಲಿಲ್ಲ. ವಾಪಸ್ ಬರುವುದು ಹೇಗೆ ಎಂದು ಕೇಳಿದರು. ಆಲ್ಟ್ ಹಿಡಿದು ಎಡಬಾಣ ಎಂದಳು. ಹೋದರು, ಬಂದರು. ಮತ್ತೆ ಹೋದರು, ಮತ್ತೆ ಬಂದರು. ಅಯ್ಯೋ, ಇಷ್ಟು ವರ್ಷ ಸಾಲು ಎಣಿಸಿ ಎಣಿಸಿ ಕಣ್ಣು ಹಾಳು ಮಾಡಿಕೊಂಡೆನಲ್ಲ ಎಂದು ನಕ್ಕರು. ಗಂಟೆ ಎರಡೂವರೆ. ಸೊಸೆ ಉಗುರು ಕಚ್ಚುತ್ತಿದ್ದಳು.

ಹೀಗೆ ಹಾರುತ್ತ ಹಾರುತ್ತ, ಏಳನೇ ನಂಬರಿನ ಪ್ರಯಾಣದ ಸಮಯ ಲೆಕ್ಕ ಹಾಕುವ ಫಂಕ್ಷನ್ನಿನ ಹೆಸರಿಗೆ ಬಂದರು. ಒತ್ತಿದರೆ ಪ್ರೋಗ್ರಾಮ್ ಬರೆಯುವ ಎಡಿಟರ್ ಈ ಸಲ ಎಲ್ಲಿಗೂ ಹಾರದೆ ಸಣ್ಣದೊಂದು ಪಟ್ಟಿ ತೆರೆಯಿತು. ಸೊಸೆ ಅಭ್ಯಾಸಬಲದಿಂದ ಎಂಟರ್ ಒತ್ತಲು ಕೈ ಚಾಚಿದಳು. ನಿನ್ನೆಯಿಂದ ಐವತ್ತು ಸಲ ಹಾಗೇ ಒತ್ತಿ, ಪಟ್ಟಿಯ ಮೊದಲನೆಯದಕ್ಕೇ ಹೋಗಿ, ಅಲ್ಲಿ ಎಲ್ಲ ಸರಿಯಾಗಿದೆಯಲ್ಲ ಎಂದು ತಲೆ ಕೆಡಿಸಿಕೊಂಡು ವಾಪಸ್ ಬಂದಿದ್ದಳು. ಅತ್ತೆಯೋ ದಿನಸಿ ಚೀಟಿಯನ್ನೂ ಬೆರಳಿಟ್ಟು ಓದುವವರು. ಅವಳ ಕೈ ತಡೆದರು.

“ತಾಳು. ಇಲ್ಲಿ ಎರಡಿದೆ.”

ಒಂದೇ ಹೆಸರು, ಎರಡು ಫೈಲಿನಲ್ಲಿ. ಎರಡನೆಯದನ್ನು ತೆರೆದರು. ಸಮಯಕ್ಕೆ ಒಂಬತ್ತು ನಿಮಿಷ ಕೂಡಿಸುವ ಸಾಲು, ಅದರ ಮೇಲೊಂದು ಟಿಪ್ಪಣಿ: ‘ಸೇತುವೆ ರಿಪೇರಿ ಮುಗಿಯುವವರೆಗೆ ಮಾತ್ರ. ಆಮೇಲೆ ಅಳಿಸುವುದು.’

ಅತ್ತೆಯ ಮುಖ ಇಂಗು ತಿಂದ ಮಂಗನಂತಾಯಿತು. ಹನ್ನೊಂದು ವರ್ಷದ ಹಿಂದೆ ಸೇತುವೆ ಮುಚ್ಚಿ, ಏಳನೇ ನಂಬರ್ ಸುತ್ತು ಹಾಕಿ ಹೋಗುವಾಗ ಬರೆದದ್ದು ಅದು. ರಿಪೇರಿ ಮುಗಿದ ಮೇಲೆ ಅದನ್ನು ಅಳಿಸುವ ಬದಲು, ಕೆಳಗೆಲ್ಲೋ ಅದೇ ಹೆಸರಿನಲ್ಲಿ ಸರಿಯಾದದ್ದನ್ನು ಬರೆದು ಮರೆತಿದ್ದರು. ಒಂದೇ ಹೆಸರಿನವು ಎರಡಿದ್ದರೆ ಯಂತ್ರ ಕೊನೆಗೆ ಓದಿದ್ದನ್ನೇ ಹಿಡಿದುಕೊಳ್ಳುತ್ತದೆ. ಒಂದೇ ಫೈಲಿದ್ದಾಗ ಕೊನೆಗೆ ಓದುತ್ತಿದ್ದದ್ದು ಸರಿಯಾದದ್ದು. ನಲವತ್ತಾದ ಮೇಲೆ ಓದುವ ಸರದಿ ಬದಲಾಗಿ ಸೇತುವೆಯದು ಕೊನೆಗೆ ಬಂದಿತ್ತು. ಅತ್ತೆ ಯಾವಾಗಲೂ ನಂಬರು ಹಿಡಿದು ನೇರ ಕೆಳಗಿನದಕ್ಕೇ ಹೋಗುತ್ತಿದ್ದರಿಂದ ಮೇಲಿನದು ಅವರ ಕಣ್ಣಿಗೂ ಬಿದ್ದಿರಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಸೊಸೆ ತಾನಾಗಿಯೇ, ತಪ್ಪು ಸಿಕ್ಕಿತು, ಎರಡನ್ನೂ ನಾನು ನೋಡಬೇಕಿತ್ತು ಎಂದಳು. ಅತ್ತೆಯ ಹೆಸರು ಎತ್ತಲಿಲ್ಲ. ಅಂತೂ ಒಡೆದದ್ದೇ ತಪ್ಪಾಯಿತು ಎಂದು ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು. ಟಿಪ್ಪಣಿಯಲ್ಲಿ ಬರೆದವರ ಹೆಸರಿರಲಿಲ್ಲ. ಅತ್ತೆ ಬಾಯಿ ಬಿಡದೆ ಕೂತಿದ್ದರೆ ಹಳೇ ಫೈಲು ತಾನಾಗಿಯೇ ವಾಪಸ್ ಬರುತ್ತಿತ್ತು. ಆ ಟಿಪ್ಪಣಿಯನ್ನು ಮತ್ತೊಮ್ಮೆ ಬೆರಳಿಟ್ಟು ಓದಿದರು. ಆಮೇಲೆ, ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಕುರ್ಚಿ ತಿರುಗಿಸಿದರು.

“ಬರೆದವಳು ನಾನು ಸಾರ್. ಅಳಿಸ್ತೀನಿ ಅಂತ ಬರೆದಿಟ್ಟು ಹನ್ನೊಂದು ವರ್ಷ ಅಳಿಸದೇ ಇದ್ದವಳೂ ನಾನೇ. ಇವಳು ಒಡೆದು ಜೋಡಿಸಿದ್ದಕ್ಕೇ ಇದು ಸಿಕ್ಕಿದ್ದು. ಇವಳ ಕೆಲಸ ನನ್ನದಕ್ಕಿಂತ ಚೆನ್ನಾಗಿದೆ.”

ಸೊಸೆಗೆ ಕಣ್ಣು ತುಂಬಿ ಬಂತು. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದರೂ, ಕಾಫಿ ಚೆನ್ನಾಗಿದೆ ಎಂದೂ ಅತ್ತೆಯಿಂದ ಹೇಳಿಸಿಕೊಂಡವಳಲ್ಲ.

ಅತ್ತೆ ತಮ್ಮ ಕೈಯಾರೆ ಅದನ್ನು ಅಳಿಸಿದರು. ಗೋಡೆಯ ಬೋರ್ಡಿನಲ್ಲಿ ಏಳನೇ ನಂಬರಿನ ಹದಿನಾಲ್ಕು ನಿಮಿಷ ಐದಕ್ಕೆ ಇಳಿಯಿತು. ಮ್ಯಾನೇಜರ್ ಒಳಗೆ ಹೋಗಿ, ಕೆಲಸ ಕಾಯಂ ಎಂಬ ಕಾಗದಕ್ಕೆ ಸಹಿ ಹಾಕಿ ತಂದುಕೊಟ್ಟರು.

ಸಂಜೆ ಇಬ್ಬರೂ ಜೊತೆಯಲ್ಲೇ ನಿಲ್ದಾಣಕ್ಕೆ ನಡೆದರು. ಆ ಮೆಚ್ಚುಗೆಯ ಮಾತನ್ನು ಮನೆಯಲ್ಲಿ ನಿಮ್ಮ ಮಗನ ಎದುರಿಗೂ ಹೇಳುತ್ತೀರಾ ಎಂದು ಸೊಸೆ ಕೆಣಕಿದಳು. ಒಂದೇ ಮಾತು ಎರಡು ಕಡೆ ಇದ್ದರೆ ಏನಾಗುತ್ತದೆಂದು ನೋಡಿದೆಯಲ್ಲ ಎಂದು ಅತ್ತೆ ಅವಳ ಬಾಯಿ ಮುಚ್ಚಿಸಿದರು.

ಬೋರ್ಡು ನಾಲ್ಕು ನಿಮಿಷ ಎನ್ನುತ್ತಿತ್ತು. ಕೈಯಲ್ಲಿ ಚೀಲ ಹಿಡಿದ ಮುದುಕರೊಬ್ಬರು, ನಿನ್ನೆ ಇದನ್ನು ನಂಬಿ ಕೆಟ್ಟೆ ಎನ್ನುತ್ತ ನಡೆದೇ ಹೋಗಲು ಹೊರಟಿದ್ದರು. ಅತ್ತೆ ಅವರನ್ನು ತಡೆದು ನಿಲ್ಲಿಸಿದರು.

“ಧೈರ್ಯವಾಗಿ ನಂಬಿ,” ಎಂದರು, ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ. “ಇದನ್ನ ನಡೆಸೋಳು ನನ್ನ ಸೊಸೆ.”