ವಿಶಾಖಾಳ ಮಹಾಸಂಕಲ್ಪ

ಹದಿನೆಂಟನೆಯ ಮಟ್ಟ ಮುಟ್ಟಿದ ಮಾಂತ್ರಿಕೆ ಎಂದರೆ ಸಾಮಾನ್ಯಳಲ್ಲ. ಕಾಲವನ್ನೇ ನಿಲ್ಲಿಸುತ್ತಾಳೆ, ಆಕಾಶದಿಂದ ಉಲ್ಕೆ ಇಳಿಸುತ್ತಾಳೆ, ಸಣ್ಣಪುಟ್ಟ ಮಂತ್ರಗಳನ್ನಂತೂ ದಣಿವಿಲ್ಲದೆ ದಿನವಿಡೀ ಹಾಕುತ್ತಾಳೆ. ಭಾನುವಾರದ ಆಟದಲ್ಲಿ ಇಂಥ ಮಾಂತ್ರಿಕೆಯ ಪಾತ್ರ ಆಡುವ ವಿಶಾಖಾಳಿಗೆ ಮನೆಯಲ್ಲಿ ಅಣ್ಣನ ಮುಂದೆ "ಚಹಾ ಆರತೈತಿ" ಎನ್ನಲು ಮಾತ್ರ ಆಗುತ್ತಿರಲಿಲ್ಲ.

ಟಿಕೋಟಾದ ಆ ಮನೆಯಲ್ಲಿ ಎಂಟು ತಿಂಗಳಿಂದ ಅಣ್ಣ ತಂಗಿಯ ಮಾತೆಲ್ಲ ತಾಯಿ ಹುಲಿಗೆವ್ವನ ಮೂಲಕವೇ ಸಾಗುತ್ತಿತ್ತು. ಎದುರುಬದುರು ಕುಳಿತಾಗಲೂ "ಯವ್ವಾ, ಅಕಿಗೆ ಹೇಳು", "ಯವ್ವಾ, ಅವಗ ಕೇಳು". ಕಾರಣ ಇಷ್ಟೇ. ಸೊಲ್ಲಾಪುರದ ವರನ ಕಡೆಯವರಿಗೆ ಅಣ್ಣ ಕುನಾಲ ತಂಗಿಯನ್ನು ಕೇಳದೆಯೇ ಒಪ್ಪಿಗೆ ಕೊಟ್ಟುಬಿಟ್ಟ. ವಿಶಾಖಾ ತಾನೇ ಫೋನ್ ಮಾಡಿ ಒಲ್ಲೆ ಎಂದಳು. ನೆಂಟರ ಮುಂದೆ ಅವನಿಗೆ ಮುಖಭಂಗವಾಯಿತು. ಇಬ್ಬರೂ ಹಟಮಾರಿಗಳು, ಯಾರೂ ಸೋಲಲಿಲ್ಲ.

ಭಾನುವಾರ ಮಧ್ಯಾಹ್ನ ವಿಜಯಪುರದಲ್ಲಿ, ಗೆಳೆಯ ಅಜಿತನ ಮಾಳಿಗೆಯ ಕೋಣೆಯಲ್ಲಿ, ಚಿತ್ರವೇ ಬೇರೆ. ಕಾಗದ, ಪೆನ್ಸಿಲ್ಲು, ಇಪ್ಪತ್ತು ಮುಖದ ದಾಳ. ಅಜಿತ ಕಥೆ ನಡೆಸುತ್ತಾನೆ, ಉಳಿದವರು ತಮ್ಮ ತಮ್ಮ ಪಾತ್ರವಾಗಿ ಮಾತಾಡುತ್ತಾರೆ. ವಿಶಾಖಾ ಮಾಂತ್ರಿಕೆ, ಔಷಧಿ ಅಂಗಡಿಯ ಸಬೀರಾ ಬಿಲ್ಲುಗಾರ್ತಿ, ಕುನಾಲ ಮಹಾಯೋಧ ವಜ್ರಬಾಹು. ನಿಜದ ಕುನಾಲ ಒಂದು ಚೀಲ ಗೋಧಿ ಎತ್ತಿದರೆ ಎರಡು ದಿನ ಸೊಂಟ ಹಿಡಿದುಕೊಳ್ಳುವ ಆಸಾಮಿ, ಆ ಮಾತು ಬೇರೆ. ಆಟದೊಳಗೆ ಯೋಧನೂ ಮಾಂತ್ರಿಕೆಯೂ ಬಾಯ್ತುಂಬ ಮಾತಾಡುತ್ತಿದ್ದರು. ವಾರವಿಡೀ ವಿಶಾಖಾ ಕಾಯುತ್ತಿದ್ದದ್ದು ಅದಕ್ಕೇ.

ಈ ಭಾನುವಾರ ಕೊನೆಯ ಆಟ. ಮೂರು ವರ್ಷದ ಕಥೆ ಮುಗಿಯುವುದರಲ್ಲಿತ್ತು. ಅಂಥ ದಿನವೇ ಕಥೆಯ ಕೊನೆಯ ವೈರಿ ಭೂತರಾಜನ ಕಣ್ಣು ಬಿದ್ದು ವಜ್ರಬಾಹು ಕಲ್ಲಾದ. ಕಲ್ಲಾದವರು ತುಟಿ ಬಿಚ್ಚಬಾರದು ಎಂಬುದು ಆ ಕೋಣೆಯ ಕಟ್ಟುನಿಟ್ಟು. ಕುನಾಲ ಕೈಕಟ್ಟಿ ಕುಳಿತ. ವಿಶಾಖಾಳಿಗೆ ಒಂದೇ ಚಿಂತೆ. ಆಟ ಹೀಗೇ ಮುಗಿದರೆ ಇನ್ನು ಯಾವ ನೆಪದಲ್ಲಿ ಮಾತಾಡುವುದು?

ಅವಳಲ್ಲಿ ಉಳಿದಿದ್ದ ದೊಡ್ಡ ಮಂತ್ರ ಒಂದೇ, ಮಹಾಸಂಕಲ್ಪ. ಬಾಯಿಬಿಟ್ಟು ಬೇಡಿದ್ದು ಆಗಿಬಿಡುತ್ತದೆ. ಆಮೇಲೆ ದಾಳ ಉರುಳಿಸಬೇಕು. ಏಳಕ್ಕಿಂತ ಕಡಿಮೆ ಬಿದ್ದರೆ ಆ ಮಂತ್ರ ಜನ್ಮದಲ್ಲಿ ಮತ್ತೆ ಒಲಿಯುವುದಿಲ್ಲ.

"ಭೂತ ಸಾಯ್ಲಿ ಅನ್ನ ಬೇ! ಗೆದ್ದ ಬಿಡ್ತೇವಿ," ಎಂದು ಸಬೀರಾ ಅವಸರ ಮಾಡಿದಳು.

"ಹಂಗಂದ್ರ ಕಲ್ಲಾದಾಂವ ಕಲ್ಲಾಗೇ ಉಳೀತಾನ," ಅಜಿತ ಎಚ್ಚರಿಸಿದ. "ಹೇಳ ವಿಶಾಖಾ, ಏನ್ ಬೇಡ್ತಿ?"

ವಜ್ರಬಾಹುವಿನ ಹೆಸರು ಹೇಳಲು ಹೊರಟವಳು ಕೈಕಟ್ಟಿ ಕುಳಿತ ಅಣ್ಣನನ್ನು ನೋಡಿದಳು.

"ನಮ್ಮಣ್ಣ ನನ್ನ ಜೋಡಿ ಮಾತಾಡ್ಲಿ."

"ಕಲ್ಲು ಕರಗೇತಿ," ಎಂದಷ್ಟೇ ಹೇಳಿ ಅಜಿತ ದಾಳವನ್ನು ಅವಳತ್ತ ತಳ್ಳಿದ. ನಾಲ್ಕು ಬಿತ್ತು. ಮೂರು ವರ್ಷ ಕಷ್ಟಪಟ್ಟು ಗಳಿಸಿದ ಮಂತ್ರ ಕೈಬಿಟ್ಟಿತು. ಭೂತರಾಜ ಗಟ್ಟಿಮುಟ್ಟಾಗಿ ನಿಂತೇ ಇದ್ದ. ಸಬೀರಾ ಹಣೆ ಬಡಿದುಕೊಂಡಳು.

ಕುನಾಲ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಬಂದದ್ದು ಯೋಧನ ಧ್ವನಿಯಲ್ಲ.

"ನಿನ್ನ ಕೇಳಲಾರದ ನಾ ಅವರಿಗೆ ಹೂಂ ಅನಬಾರದಿತ್ತು, ವಿಶಾಖಾ. ತಪ್ಪಾತು. ದಿನಾ ಹೇಳಬೇಕಂತಿದ್ದೆ, ಧೈರ್ಯ ಆಗ್ಲಿಲ್ಲ."

ವಿಶಾಖಾ ಅಳುತ್ತ ನಕ್ಕಳು. ಎಂಟು ತಿಂಗಳ ಭಾರ ಇಳಿದು ಅವಳಿಗೆ ಹಗುರೆನಿಸಿತು. "ಇರ್ಲಿ ಬಿಡಣ್ಣಾ. ಆದ್ರ ಭೂತ ಇನ್ನೂ ಜೀವಂತ ಐತಿ, ನನ್ನ ಕಡೆ ದೊಡ್ಡ ಮಂತ್ರ ಒಂದೂ ಉಳದಿಲ್ಲ."

"ನಾ ಇದ್ದೇನಲ್ಲ. ನೀ ನನ್ನ ಹಿಂದ ನಿಂದ್ರು..." ಎಂದ ಕುನಾಲ ಅಲ್ಲಿಗೇ ತಡೆದುಕೊಂಡ. ನಾಲಿಗೆ ಕಚ್ಚಿಕೊಂಡು ತಂಗಿಯ ಮುಖ ನೋಡಿದ.

"ಎಲ್ಲಿ ನಿಂದರ್ತಿ, ನೀನ ಹೇಳು," ಎಂದು ಕೇಳಿದ.

"ನಿನ್ನ ಬಾಜೂಕ," ಎಂದಳು ವಿಶಾಖಾ.